ಕಾನ್ಸಲ್ ಅಂದ್ರೆ ವೀಸಾ ಕೊಡೋರು ಅಲ್ವಾ?

ಅಮೆರಿಕದ ಅಂತರ್ಯುದ್ಧದ ಮಾತು ಬಂದರೆ ನಾನು ಥಾಮಸ್ ಡಡ್ಲಿಯ ಹೆಸರು ಎತ್ತದೆ ಬಿಡುವುದಿಲ್ಲ. ಇಂಗ್ಲೆಂಡಿನ ಬಂದರು ಊರು ಲಿವರ್‌ಪೂಲಿನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದವನು. ಎಲ್ಲರೂ ಕೇಳುವುದು ಒಂದೇ: "ಕಾನ್ಸಲ್ ಅಂದ್ರೆ ವೀಸಾ ಕೊಡೋರು ಅಲ್ವಾ? ಅವರಿಗೂ ಯುದ್ಧಕ್ಕೂ ಏನು ಸಂಬಂಧ?"

ಆಗ ಕಾನ್ಸಲ್ ಕೆಲಸವೆಂದರೆ ಬಂದರಿನಲ್ಲಿ ತಮ್ಮ ದೇಶದ ಹಡಗುಗಳ ಕಾಗದಪತ್ರ, ನಾವಿಕರ ತಕರಾರು, ವ್ಯಾಪಾರದ ವರದಿ. ಗೆದ್ದ ಪಕ್ಷ ತನ್ನವರಿಗೆ ಹಂಚುತ್ತಿದ್ದ ಕುರ್ಚಿ ಅದು. ನಮ್ಮಲ್ಲಿ ನಿಗಮ-ಮಂಡಳಿ ಹಂಚುತ್ತಾರಲ್ಲ, ಹಾಗೇ ಅನ್ನಿ.

ಡಡ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ನಿನ ವಕೀಲ, ಆ ರಾಜ್ಯದ ರಿಪಬ್ಲಿಕನ್ ಮುಖಂಡ. ಪಕ್ಷದ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಿದ 1860ರ ಶಿಕಾಗೊ ಸಮಾವೇಶದಲ್ಲಿ ಲಿಂಕನ್ ಪರ ಓಡಾಡಿದ್ದ. ಅದಕ್ಕೂ ಮೊದಲಿನ ಕಥೆ ನನಗೆ ಜಾಸ್ತಿ ಇಷ್ಟ. ಸ್ವತಂತ್ರ ಕರಿಯ ಕುಟುಂಬವೊಂದನ್ನು ಯಾರೋ ಹೊತ್ತೊಯ್ದು ದಕ್ಷಿಣದಲ್ಲಿ ಮಾರಿದ್ದರು. ಡಡ್ಲಿ ಚಾಟಿ, ಪಿಸ್ತೂಲು ಹಿಡಿದು ಗುಲಾಮರ ವ್ಯಾಪಾರಿಯ ವೇಷದಲ್ಲಿ ಹೋಗಿ ಅವರನ್ನು ಬಿಡಿಸಿಕೊಂಡು ಬಂದ. ಹಿಂಸೆಯನ್ನೇ ಒಲ್ಲದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆಯ ಹುಡುಗ!

1861ರ ಕೊನೆಗೆ ಲಿವರ್‌ಪೂಲಿಗೆ ಬಂದರೆ, ಊರಿನ ವ್ಯಾಪಾರಿಗಳಲ್ಲಿ ಹೆಚ್ಚಿನವರು ದಕ್ಷಿಣದವರ ಪರ, ಅಂದರೆ ಲಿಂಕನ್ ಸರ್ಕಾರದಿಂದ ಸಿಡಿದು ಯುದ್ಧಕ್ಕೆ ನಿಂತ ಗುಲಾಮಗಿರಿಯ ರಾಜ್ಯಗಳ ಪರ. ಅವರ ಹೊಟ್ಟೆಪಾಡೇ ಅಮೆರಿಕದ ಹತ್ತಿ. (ಯುದ್ಧದಿಂದ ಆ ಹತ್ತಿ ನಿಂತಾಗಲೇ ನಮ್ಮ ಧಾರವಾಡದ ಹತ್ತಿಗೆ ಬೆಲೆ ಏರಿದ್ದು.) ನದಿಯ ಆಚೆ ದಡದ ಲೇರ್ಡ್ ಹಡಗು ಕಾರ್ಖಾನೆಯಲ್ಲಿ ದಕ್ಷಿಣದವರಿಗಾಗಿ ಗುಟ್ಟಾಗಿ 290ನೇ ನಂಬರಿನ ಹಡಗು ತಯಾರಾಗುತ್ತಿತ್ತು. ಬೇರೆಯವರ ಯುದ್ಧಕ್ಕೆ ಹಡಗನ್ನು ಸಜ್ಜು ಮಾಡಬಾರದು ಎನ್ನುತ್ತಿತ್ತು ಬ್ರಿಟನ್ನಿನ 1819ರ ಕಾನೂನು. ತೋಪೇ ಇಲ್ಲದ ಬರೀ ಹಡಗಾದರೆ? ಅಲ್ಲೇ ಇದ್ದದ್ದು ಕಿಂಡಿ.

ಡಡ್ಲಿ ಪತ್ತೇದಾರರನ್ನು ಬಿಟ್ಟ. ನಾವಿಕರಿಂದ ಅಫಿಡವಿಟ್ ಬರೆಸಿದ. ವಿಲಿಯಂ ಪಾಸ್‌ಮೋರ್ ಎಂಬ ನಾವಿಕ ಪ್ರಮಾಣ ಮಾಡಿ ಹೇಳಿದ: ತಿಂಗಳಿಗೆ 4 ಪೌಂಡ್ 10 ಶಿಲಿಂಗ್ ಸಂಬಳ, ಹಡಗು ದಕ್ಷಿಣದವರ ಪರ ಹೋರಾಡಲು ಹೊರಟಿದೆ. ಕಸ್ಟಮ್ಸಿನವರು ಸಾಕ್ಷಿ ಸಾಲದು ಅಂದರು. ಡಡ್ಲಿ ದೊಡ್ಡ ವಕೀಲನ ಅಭಿಪ್ರಾಯ ತಂದಿಟ್ಟ. ಕಡತ ಲಂಡನ್ನಿಗೆ ಹೋಯಿತು. ಅಲ್ಲಿ ಸರ್ಕಾರದ ಕಾನೂನು ಅಧಿಕಾರಿಗೆ ಬುದ್ಧಿಭ್ರಮಣೆಯಾಗಿತ್ತು, ಕಾಗದ ಅವನ ಮನೆಯಲ್ಲೇ ಸುಮ್ನೆ ಬಿದ್ದಿತ್ತು.

1862ರ ಜುಲೈ 29ರಂದು ಹಡಗು ಬಾವುಟ ಕಟ್ಟಿಕೊಂಡು, ಹೆಂಗಸರು ಗಂಡಸರೆನ್ನದೆ ಅತಿಥಿಗಳನ್ನು ಹತ್ತಿಸಿಕೊಂಡು ಪರೀಕ್ಷಾ ಸಂಚಾರಕ್ಕೆ ಹೊರಟಿತು. ಸಂಜೆ ಅತಿಥಿಗಳು ಸಣ್ಣ ದೋಣಿಯಲ್ಲಿ ವಾಪಸಾದರು. ಹಡಗು ಬರಲಿಲ್ಲ. ಅಜೋರ್ಸ್ ದ್ವೀಪಗಳ ಬಳಿ ತೋಪು ಏರಿಸಿಕೊಂಡು 'ಅಲಬಾಮ' ಆಯಿತು. ಉತ್ತರದವರ, ಅಂದರೆ ಲಿಂಕನ್ ಕಡೆಯ, ಸುಮಾರು 65 ಹಡಗು ಹಿಡಿಯಿತು. 1864ರ ಜನವರಿಯಲ್ಲಿ ಮಲಬಾರ್ ಕಡೆಗೂ ಬಂದು 'ಎಮ್ಮಾ ಜೇನ್' ಎಂಬ ಹಡಗನ್ನು ಸುಟ್ಟು, ಅದರವರನ್ನು ಅಂಜೆಂಗೊದಲ್ಲಿ ಇಳಿಸಿ ಹೋಯಿತು.

ಹಾಗಾದರೆ ಡಡ್ಲಿ ಸೋತನಾ? ಆ ದಿನ, ಹೌದು. ಆದರೆ ಮರುವರ್ಷ ಅದೇ ಕಾರ್ಖಾನೆಯ ಎರಡು ಕಬ್ಬಿಣದ ಯುದ್ಧನೌಕೆಗಳನ್ನು ಬ್ರಿಟನ್ ತಾನೇ ತಡೆದು ವಶಕ್ಕೆ ತೆಗೆದುಕೊಂಡಿತು. ಡಡ್ಲಿ ಕಟ್ಟಿಟ್ಟ ಕಾಗದಗಳೂ ವ್ಯರ್ಥವಾಗಲಿಲ್ಲ. 'ಅಲಬಾಮ'ದಂಥ ಹಡಗುಗಳು ಮಾಡಿದ ಹಾನಿಗೆ ಅಮೆರಿಕ ಬ್ರಿಟನ್ನಿನಿಂದ ಪರಿಹಾರ ಕೇಳಿದಾಗ, 1872ರಲ್ಲಿ ಜಿನೀವಾದ ಪಂಚಾಯಿತಿಯಲ್ಲಿ ಅವು ಕೆಲಸಕ್ಕೆ ಬಂದವು. ಬ್ರಿಟನ್ ಒಂದು ಕೋಟಿ 55 ಲಕ್ಷ ಡಾಲರ್ ಕಟ್ಟಬೇಕಾಯಿತು. ಡಡ್ಲಿ ಅದೇ ವರ್ಷ ಕೆಲಸ ಬಿಟ್ಟು, ಕ್ಯಾಮ್ಡೆನ್ನಿಗೆ ಮರಳಿ ಮತ್ತೆ ವಕೀಲಿಕೆ ಹಿಡಿದ.