ಶಾಲೆ ಜಗಲಿಯ ಗೋಡೆಗೆ ಸುಣ್ಣವೇ ಸಾಕು

9 ಫೆಬ್ರವರಿ 2025, ಭಾನುವಾರ, ಸಾಗರ

ಇವತ್ತು ಶಾಲೆ ಕಮಿಟಿಯವರ ಜೊತೆ ಮಾತು ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿ ಹೋಗಿತ್ತು. ಎಲೆ ಹಾಕಿದ್ದರು, ಆದರೂ ಯಾರೂ ಏಳಲಿಲ್ಲ. ಸೊರಬ ರಸ್ತೆಯಿಂದ ಒಳಗೆ ಹೋದರೆ ಸಿಗುವ ಊರು ಅದು. ಅಲ್ಲಿನ ಸರ್ಕಾರಿ ಶಾಲೆಗೆ ನೂರು ವರ್ಷ ತುಂಬುತ್ತಿದೆ. ಜಂಬಿಟ್ಟಿಗೆ, ಅಂದರೆ ಮುರಕಲ್ಲಿನ ಗೋಡೆ, ಸುಣ್ಣದ ಗಾರೆಯ ಗಿಲಾವು, ಮೇಲೆ ಮಂಗಳೂರು ಹೆಂಚು, ಮುಂದೆ ಮರದ ಕಂಬಗಳ ಉದ್ದ ಜಗಲಿ. ಆ ಜಗಲಿಯ ಗೋಡೆ ತುಂಬ ಜೋಗ, ಶಿವಪ್ಪ ನಾಯಕ, ಕುವೆಂಪು, ಹುಲಿ, ಚಂದ್ರಯಾನ ಎಲ್ಲ ಬರೆಸಬೇಕು ಅಂತ ಅವರ ಆಸೆ. ಹಳೇ ವಿದ್ಯಾರ್ಥಿಯೊಬ್ಬರು ಪ್ಲಾಸ್ಟಿಕ್ ಎಮಲ್ಷನ್ ಡಬ್ಬಗಳನ್ನೂ ಕೊಡಿಸಿದ್ದಾರೆ. ಆಫೀಸ್ ರೂಮಿನಲ್ಲಿ ಜೋಡಿಸಿಟ್ಟಿದ್ದರು.

ಆ ಗೋಡೆಯ ಮೇಲೆ ನಾನು ಬರೆಯುವುದಿಲ್ಲ ಅಂದೆ.

"ಮತ್ತೆ ನಿಮ್ಮನ್ನ ಕರೆಸಿದ್ದು ಯಾಕೆ ಮಾರಾಯ್ರೆ?" ಅಂದರು ಎಸ್‌ಡಿಎಂಸಿ, ಅಂದರೆ ಶಾಲೆ ಕಮಿಟಿಯ ಅಧ್ಯಕ್ಷರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಬಾಯಲ್ಲಿ ಹೇಳಿದರೆ ಅರ್ಥ ಆಗುವುದಿಲ್ಲ ಅಂತ ಎಲ್ಲರನ್ನೂ ಕಟ್ಟಡದ ಹಿಂದೆ ಕರೆದುಕೊಂಡು ಹೋದೆ.

ಹಿಂಬದಿಯಲ್ಲಿ ಕೆಲವು ವರ್ಷದ ಹಿಂದೆ ತೇವ ಬರುತ್ತದೆ ಅಂತ ಸೊಂಟದೆತ್ತರಕ್ಕೆ ಸಿಮೆಂಟ್ ಗಿಲಾವು ಮಾಡಿಸಿದ್ದಾರೆ. ಈಗ ತೇವ ಸಿಮೆಂಟಿನ ಪಟ್ಟಿ ದಾಟಿ ಮೇಲಕ್ಕೆ ಹೋಗಿದೆ. ಪಟ್ಟಿಯ ಅಂಚಿನುದ್ದಕ್ಕೂ ಬಿಳೀ ಉಪ್ಪು ಹೂಬಿಟ್ಟಿದೆ. ಒಂದು ಕಡೆ ಸಿಮೆಂಟಿನ ಚಕ್ಕೆ ತಾನಾಗೇ ಕಳಚಿ ಬಂತು. ಅದರ ಹಿಂದಿನ ಜಂಬಿಟ್ಟಿಗೆಯನ್ನು ಬೆರಳಲ್ಲಿ ಕೆರೆದೆ, ಪುಡಿ ಉದುರಿತು. ಹೆಡ್ ಮೇಷ್ಟ್ರು ತಾವೂ ಕೆರೆದು ನೋಡಿದರು. ಅಲ್ಲಿಂದ ಮಾತಿನ ಧಾಟಿ ಸ್ವಲ್ಪ ಬದಲಾಯಿತು.

ಮಲೆನಾಡಿನ ಹಳೇ ಕಟ್ಟಡಗಳ ವಿಷಯದಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಜಂಬಿಟ್ಟಿಗೆ ಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಅದರ ತುಂಬಾ ಸಣ್ಣ ಸಣ್ಣ ತೂತುಗಳು. ಹಳೇ ಮನೆಗಳ ತಳಪಾಯಕ್ಕೂ ಗೋಡೆಗೂ ನಡುವೆ ನೀರು ತಡೆಯುವ ಪದರ ಇರುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ನೆಲದ ನೀರು ಗೋಡೆಯೊಳಗೆ ಏರುತ್ತದೆ, ಮಳೆ ಬಿಟ್ಟ ಮೇಲೆ ಸುಣ್ಣದ ಗಿಲಾವಿನ ಮೂಲಕ ನಿಧಾನಕ್ಕೆ ಆರಿ ಹೊರಗೆ ಹೋಗುತ್ತದೆ. ಕಟ್ಟಿದವರಿಗೆ ಇದು ಗೊತ್ತಿತ್ತು, ಅದಕ್ಕೇ ಸುಣ್ಣ ಹಾಕಿದ್ದು. ಅದರ ಮೇಲೆ ಸಿಮೆಂಟ್ ಬಡಿದರೆ, ಅಥವಾ ರಬ್ಬರಿನ ಹಾಳೆಯ ಹಾಗೆ ಕೂರುವ ಪ್ಲಾಸ್ಟಿಕ್ ಬಣ್ಣ ಬಳಿದರೆ, ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಆಗ ಅದು ಮೇಲಕ್ಕೆ ಏರುತ್ತದೆ, ಪಕ್ಕಕ್ಕೆ ಹೋಗುತ್ತದೆ, ಗೋಡೆಯಲ್ಲಿ ಕೂರಿಸಿದ ತೊಲೆಯ ತುದಿಯನ್ನು ಕೊಳೆಸುತ್ತದೆ. ನೀರಿನ ಜೊತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಕಲ್ಲನ್ನು ಒಳಗಿಂದಲೇ ಒಡೆಯುತ್ತದೆ. ಹೊರಗಿನಿಂದ ನೋಡಿದರೆ ಚಿತ್ರ ಚೆನ್ನಾಗೇ ಕಾಣುತ್ತದೆ, ಒಂದೆರಡು ಮಳೆಗಾಲ.

ನಾನು ಈ ಕೆಲಸಕ್ಕೆ ಬಂದದ್ದು ಶಿವಮೊಗ್ಗದಲ್ಲಿ ಬೋರ್ಡ್ ಬರೆಯುವ ಅಂಗಡಿಯೊಂದರ ಮೂಲಕ. ತಗಡಿನ ಮೇಲೆ ಎನಾಮೆಲ್ ಬಣ್ಣ, ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಗೆರೆ ಹೊಡೆಯುವುದು, ಕೈ ನಡುಗದ ಹಾಗೆ ಅಕ್ಷರದ ಹೊಟ್ಟೆ ತುಂಬುವುದು, ಎಲ್ಲ ಅಲ್ಲೇ ಕಲಿತೆ. ಆಮೇಲೆ ಫ್ಲೆಕ್ಸ್ ಬಂತು. ಅಂಗಡಿ ಬೋರ್ಡು, ಚುನಾವಣೆ, ಜಾತ್ರೆ, ಎಲ್ಲದಕ್ಕೂ ಫ್ಲೆಕ್ಸ್. ನನ್ನ ಜೊತೆ ಕಲಿತವರಲ್ಲಿ ಹೆಚ್ಚಿನವರು ಬ್ರಷ್ ಕೆಳಗಿಟ್ಟರು. ನನಗೆ ದಾರಿ ತೋರಿಸಿದ್ದು ಸರ್ಕಾರಿ ಶಾಲೆಗಳು. ಚಿಕ್ಕ ಮಕ್ಕಳ ನಲಿಕಲಿ ಕೋಣೆಗಳಿಗೆ ಅಕ್ಷರಮಾಲೆ, ಮಗ್ಗಿ, ಕರ್ನಾಟಕದ ನಕ್ಷೆ ಬರೆದುಕೊಂಡು ಊರೂರು ತಿರುಗಿದೆ. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಪೇಟೆಯ ಗೋಡೆಗಳಿಗೂ ಬಣ್ಣದ ಬೇಡಿಕೆ ಬಂತು. ಕಾಂಪೌಂಡ್, ಸೇತುವೆಯ ಕಂಬ, ಹೊಸ ಆಫೀಸುಗಳು. ಕಾಂಕ್ರೀಟಿನ ಮೇಲೆ ಅಕ್ರಿಲಿಕ್ ಬಳಿಯುವುದರಲ್ಲಿ ಯಾವ ತಕರಾರೂ ಇಲ್ಲ, ನಾನೂ ಖುಷಿಯಿಂದ ಮಾಡಿದ್ದೇನೆ, ಈಗಲೂ ಮಾಡುತ್ತೇನೆ. ರಸ್ತೆ ಬದಿ ನಿಂತು ಬರೆಯುವಾಗ ಆಟೋದವರು ನಿಲ್ಲಿಸಿ "ಅಕ್ಕಾ, ಆ ಆನೆ ಸೊಂಡಿಲು ಇನ್ನೂ ಉದ್ದ ಬರ್ಲಿ" ಅಂತ ಹೇಳಿ ಹೋಗುತ್ತಾರಲ್ಲ, ಆ ಸುಖ ಗ್ಯಾಲರಿಯಲ್ಲಿ ಸಿಗುವುದಿಲ್ಲ.

ಆದರೆ ಹಳೇ ಗೋಡೆ ಬೇರೆ. ಕೋಟೆ ರಸ್ತೆ ಕಡೆ ಕೆಲಸ ಇದ್ದಾಗ ಮಧ್ಯಾಹ್ನ ಹೋಗಿ ಶಿವಪ್ಪ ನಾಯಕನ ಅರಮನೆಯಲ್ಲಿ ಕೂರುತ್ತಿದ್ದೆ. ಹೆಸರು ಶಿವಪ್ಪ ನಾಯಕನದು, ಕಟ್ಟಿದ್ದು ಹೈದರಾಲಿಯ ಕಾಲದಲ್ಲಿ ಅನ್ನುತ್ತಾರೆ. ಆ ದಪ್ಪ ಮರದ ಕಂಬಗಳನ್ನು, ಕಮಾನುಗಳನ್ನು ನೋಡುತ್ತಾ ಕೂತರೆ, ಇಲ್ಲಿ ನನ್ನಂಥವರು ಬಂದು ಮಾಡಬೇಕಾದ್ದು ಏನೂ ಉಳಿದಿಲ್ಲ, ಇರುವುದನ್ನು ಕೆಡಿಸದಿದ್ದರೆ ಸಾಕು ಅನ್ನಿಸುತ್ತಿತ್ತು. ಗೋಡೆ ಯಾವುದರಿಂದ ಕಟ್ಟಿದ್ದು ಅಂತ ಮೊದಲು ಕೇಳುವ ಅಭ್ಯಾಸ ಅಲ್ಲಿಂದಲೇ ಬಂತು.

ಊಟದ ಹೊತ್ತಿಗೆ ಕಮಿಟಿಯ ಒಬ್ಬ ಹುಡುಗ, ಕಾನೂನು ಓದುತ್ತಿರುವವನು, "ಇದಕ್ಕೆ ರಕ್ಷಣೆ ಇಲ್ವಾ?" ಅಂತ ಕೇಳಿದ. ಇಲ್ಲ. ಪುರಾತನ ಸ್ಮಾರಕಗಳಿಗೆ ಇರುವ 1958ರ ಕೇಂದ್ರದ ಕಾಯ್ದೆ, 1961ರ ನಮ್ಮ ರಾಜ್ಯದ ಕಾಯ್ದೆ, ಎರಡೂ ಅಧಿಸೂಚನೆ ಆದ ಸ್ಮಾರಕಗಳಿಗೆ ಮಾತ್ರ. ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವಿಯ ಕೇದಾರೇಶ್ವರದಂಥ ದೇವಸ್ಥಾನಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಕೇಂದ್ರದ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಅದು. ಊರಿನ ಶಾಲೆ, ಹಳೇ ಅಂಚೆ ಕಚೇರಿ, ತೊಟ್ಟಿಮನೆ, ಇವು ಯಾವ ಪಟ್ಟಿಯಲ್ಲೂ ಇಲ್ಲ.

ಚಿತ್ರ ಬರೆದವರಿಗಾದರೂ ಹಕ್ಕಿದೆಯಾ ಅಂದರೆ ಅದೂ ಅರ್ಧಂಬರ್ಧ. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪ ಇತ್ತು. 1979ರಲ್ಲಿ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಅವರಿಗೇ ಕೊಡಿ, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿ ಅಂತ ಹೇಳಿತು. ಅದೇ ಊರಿನ ಪ್ರಗತಿ ಮೈದಾನದಲ್ಲಿ 1972ರಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ವಿನ್ಯಾಸ ಮಾಡಿದ ಹಾಲ್ ಆಫ್ ನೇಷನ್ಸ್ ಎಂಬ ವಸ್ತುಪ್ರದರ್ಶನದ ಕಟ್ಟಡ ಇತ್ತು. 2017ರಲ್ಲಿ ಒಡೆದುಹಾಕಿದರು. ಅವರೂ ಕೋರ್ಟಿಗೆ ಹೋದರು. ಮಾಲೀಕರು ಕಟ್ಟಡ ಕೆಡವುವುದನ್ನು ವಾಸ್ತುಶಿಲ್ಪಿ ತಡೆಯಲಾಗದು ಅಂತ 2019ರಲ್ಲಿ ತೀರ್ಪಾಯಿತು. ಆ ಹುಡುಗನಿಗೆ ಇದನ್ನೆಲ್ಲ ಹೇಳಿದ್ದು ಬೇಸರ ಮಾಡಲಿಕ್ಕಲ್ಲ. ಈ ಶಾಲೆಯನ್ನು ಉಳಿಸಲು ಬೆಂಗಳೂರಿನಿಂದಾಗಲಿ ದೆಹಲಿಯಿಂದಾಗಲಿ ಯಾರೂ ಬರುವುದಿಲ್ಲ, ಊರವರೇ ವರ್ಷ ವರ್ಷ ಕೈ ಹಾಕಬೇಕು, ಅಷ್ಟು ಗೊತ್ತಾಗಲಿ ಅಂತ.

ಸಮುದಾಯದ ಜೊತೆ ಗೋಡೆ ಬರೆಯುವುದರ ಬಗ್ಗೆ ಓದುವಾಗ ಅಮೆರಿಕದ ಉದಾಹರಣೆಗಳೇ ಜಾಸ್ತಿ ಸಿಗುತ್ತವೆ. 1967ರಲ್ಲಿ ಶಿಕಾಗೊದಲ್ಲಿ ಕಪ್ಪು ಜನರ ಕಲಾವಿದರು ಸೇರಿ ಬರೆದ ವಾಲ್ ಆಫ್ ರೆಸ್ಪೆಕ್ಟ್. ಲಾಸ್ ಏಂಜಲೀಸ್‌ನಲ್ಲಿ ಕಲಾವಿದೆ ಜೂಡಿ ಬಾಕಾ ನೂರಾರು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ನೆರೆನೀರಿನ ಕಾಲುವೆಯ ಕಾಂಕ್ರೀಟ್ ಗೋಡೆಯ ಮೇಲೆ ಸುಮಾರು ಅರ್ಧ ಮೈಲಿ ಉದ್ದ ಬರೆಸಿದ ಚಿತ್ರ. ಮೊದಲನೆಯದು ಕೆಲವೇ ವರ್ಷದಲ್ಲಿ ಕಟ್ಟಡದ ಜೊತೆಗೇ ಹೋಯಿತು. ಎರಡನೆಯದು ಇನ್ನೂ ಇದೆ, ಬಿಸಿಲಿಗೆ ಮಾಸಿದ್ದನ್ನು 2011ರಲ್ಲಿ ಮತ್ತೆ ಬರೆದು ಸರಿಮಾಡಿದರು. ಇವುಗಳಿಂದ ನಾನು ಕಲಿತದ್ದು ತುಂಬ ಇದೆ. ಆದರೆ ಗೋಡೆ ಮತ್ತು ಚಿತ್ರ ಎರಡನ್ನೂ ಒಟ್ಟಿಗೆ ಕಾಯುವ ಪಾಠ ನಮ್ಮ ಪಕ್ಕದ ಮನೆಗಳಲ್ಲೇ ಇದೆ, ಅಲ್ವಾ? ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರ.

ಬಿಸಿಯೂಟ ಮಾಡುವವರ ಅತ್ತೆ ಇವತ್ತು ನಮ್ಮ ಜೊತೆಗೇ ಕೂತಿದ್ದರು. ಚಿತ್ತಾರ ಬರೆಯುವ ಕೈ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಅರೆದ ಬಿಳಿ, ಅಕ್ಕಿಯನ್ನೇ ಕಪ್ಪಾಗಿ ಹುರಿದು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುಮಕ್ಕಳು ಕೂರುವ ಹಸೆಗೋಡೆಗೆ ಎಳೆ ಎಳೆಯಾಗಿ ಬರೆಯುತ್ತಾರೆ, ಸ್ಕೇಲ್ ಇಲ್ಲ, ಗೆರೆ ಆಚೀಚೆ ಹೋಗುವುದಿಲ್ಲ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುತ್ತಾರೆ.

"ಅಜ್ಜೀ, ಹಳೇದು ಮಾಸಿದ್ರೆ ಏನ್ ಮಾಡ್ತಿದ್ರಿ?" ಅಂತ ಕೇಳಿದೆ.

"ಏನ್ ಮಾಡೋದು ತಂಗೀ, ಮತ್ತೆ ಕೆಮ್ಮಣ್ಣು ಸಾರ್ಸದು, ಮತ್ತೆ ಬರೆಯದು. ಹುಡ್ಗೀರು ನೋಡ್ತಾ ನೋಡ್ತಾ ಕಲೀತಿದ್ವು."

ನಾನು ಬೆಳಿಗ್ಗೆಯಿಂದ ಹೇಳುತ್ತಿದ್ದದ್ದೂ ಇದನ್ನೇ. ಎಮಲ್ಷನ್ ಡಬ್ಬದ ಮೇಲೆ ಇಷ್ಟು ವರ್ಷ ಗ್ಯಾರಂಟಿ ಅಂತ ಬರೆದಿರುತ್ತದೆ. ಅಷ್ಟು ವರ್ಷ ಯಾರೂ ಗೋಡೆಯನ್ನು ಮುಟ್ಟುವುದಿಲ್ಲ, ಮುಟ್ಟುವುದು ಹೇಗೆ ಅಂತ ಮರೆತೂ ಹೋಗುತ್ತದೆ. ಸುಣ್ಣವೋ ಕೆಮ್ಮಣ್ಣೋ ಆದರೆ ಪ್ರತಿ ವರ್ಷ ಗೋಡೆಯ ಹತ್ತಿರ ಹೋಗಲೇಬೇಕು. ಹೋದಾಗ ಬಿರುಕು ಕಾಣುತ್ತದೆ, ಒಡೆದ ಹೆಂಚು ಕಾಣುತ್ತದೆ, ಗೆದ್ದಲು ಕಾಣುತ್ತದೆ. ಈ ಭಾಗದ ಹಳೇ ಮನೆಗಳು ಇಷ್ಟು ಮಳೆಯಲ್ಲಿ ನಿಂತದ್ದು ಹೀಗೇ. ದೀಪಾವಳಿಗೆ ಸುಣ್ಣ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು, ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು.

ಕೊನೆಗೆ ಆದ ತೀರ್ಮಾನ ಹೀಗೆ. ಜೋಗ, ಹುಲಿ, ಚಂದ್ರಯಾನ, ಕುವೆಂಪು ಎಲ್ಲ ಮೈದಾನದ ಆಚೆ ಇರುವ ಕಾಂಕ್ರೀಟಿನ ರಂಗಮಂದಿರದ ಗೋಡೆಗೆ. ಎಮಲ್ಷನ್ ಡಬ್ಬ ಅಲ್ಲಿಗೆ ಖರ್ಚಾಗುತ್ತದೆ, ಮಕ್ಕಳು ನನ್ನ ಜೊತೆ ಬರೆಯುತ್ತಾರೆ. ಹಳೇ ಕಟ್ಟಡದ ಸಿಮೆಂಟ್ ಪಟ್ಟಿ ಕೆತ್ತಿ ತೆಗೆದು, ಗೋಡೆ ಆರಲು ಬಿಟ್ಟು, ಸುಣ್ಣದ ಗಾರೆ ಹಾಕಿ, ಮೇಲೆ ಸುಣ್ಣ ಬಳಿಯುವುದು. ಜಗಲಿಯ ಬಾಗಿಲ ಪಕ್ಕ ಮಾತ್ರ ಕೆಮ್ಮಣ್ಣು ಸಾರಿಸಿ ಚಿತ್ತಾರ. ಅದನ್ನು ಅಜ್ಜಿ ಮತ್ತು ಊರಿನ ಹೆಂಗಸರು ಬರೆಯುತ್ತಾರೆ, ನಾನು ಕುಂಚ ಹಿಡಿಯುವುದಿಲ್ಲ. ಬರೆದವರಿಗೆ ಕೂಲಿ ಕೊಡಬೇಕು ಅಂತ ಗಟ್ಟಿಯಾಗಿ ಹೇಳಿದ್ದೇನೆ. ಹೆಂಗಸರ ಕೆಲಸ ಅಂದಕೂಡಲೇ ಪುಕ್ಕಟೆ ಅನ್ನುವ ಲೆಕ್ಕ ಇನ್ನು ಸಾಕು.

ಅಧ್ಯಕ್ಷರಿಗೆ ಪೂರ್ತಿ ಸಮಾಧಾನ ಆಗಿಲ್ಲ, ಶತಮಾನೋತ್ಸವದ ದಿನ ಫೋಟೋದಲ್ಲಿ ಬಿಳೀ ಗೋಡೆ ಬೋಳು ಕಾಣುತ್ತದೆ ಅಂತ ಅವರ ಚಿಂತೆ. ದುಡ್ಡಿನ ಚಿಂತೆ ನನಗೂ ಇದೆ. ನಮ್ಮ ಕೆಲಸಕ್ಕೆ ಚದರಡಿ ಲೆಕ್ಕದಲ್ಲಿ ಹಣ. ಬರೆಯದೆ ಬಿಟ್ಟ ಗೋಡೆಗೆ ಯಾವ ಎಸ್ಟಿಮೇಟಿನಲ್ಲೂ ಜಾಗ ಇಲ್ಲ, ಹಳೇ ಗಿಲಾವು ಪರೀಕ್ಷೆ ಮಾಡಿದ್ದಕ್ಕೂ ಇಲ್ಲ. ಇದು ಬದಲಾಗದಿದ್ದರೆ ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರು ಸಿಕ್ಕ ಗೋಡೆಗೆಲ್ಲ ಬಣ್ಣ ಬಳಿಯಲೇಬೇಕಾಗುತ್ತದೆ, ಅವರನ್ನು ದೂರಿ ಪ್ರಯೋಜನ ಇಲ್ಲ.

ನಾಳೆ ಸುಣ್ಣ ಹುಡುಕಬೇಕು. ಪ್ಯಾಕೆಟಿನಲ್ಲಿ ಬರುವ ಪುಡಿ ಬೇಡ, ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸುವ ಯೋಚನೆ ಇದೆ. ಇಲ್ಲೇ ನೀರಿನಲ್ಲಿ ಅರಳಿಸಿ, ಸೋಸಿ, ಕೊಳೆಯಲು ಬಿಡಬೇಕು. ಅಳಲೆಕಾಯಿ ಮತ್ತು ಬೆಲ್ಲದ ನೀರು ಹಾಕಿ ಗಾರೆ ಅರೆಯಲು ಬರುವ ಹಿರಿಯರು ಸಾಗರ, ಸೊರಬ, ಹೊಸನಗರ ಕಡೆ ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬೇಗ ತಿಳಿಸಿದರೆ ಒಳ್ಳೆಯದು. ಬಿಸಿಲು ಏರಿದ ಮೇಲೆ ಗಾರೆ ಬೇಗ ಒಣಗಿ ಬಿರುಕು ಬಿಡುತ್ತದೆ, ಗೋಣಿಚೀಲ ಕಟ್ಟಿ ನೆನೆಸುತ್ತಾ ಇರಬೇಕು. ನೀರು ಹೊಡೆಯುವ ಕೆಲಸ ಏಳನೇ ಕ್ಲಾಸಿನವರು ಒಪ್ಪಿಕೊಂಡಿದ್ದಾರೆ, ಪಾಳಿ ಕೂಡ ಹಾಕಿಕೊಂಡಾಯಿತು.