ಇಳಿಯಿತೋ, ಇಳಿಸಿದರೋ: ಡಿಕ್ರೀಸ್ ಮತ್ತು ರೆಡ್ಯೂಸ್

'ಜ್ವರ ರೆಡ್ಯೂಸ್ ಆಗಿದೆ' ಎಂದು ಕನ್ನಡದಲ್ಲಿ ಹೇಳಿದರೆ ತಪ್ಪೇನಿಲ್ಲ. ಯಾವ ಇಂಗ್ಲಿಷ್ ಕ್ರಿಯಾಪದ ಬಂದರೂ ನಾವು ಅದಕ್ಕೊಂದು 'ಆಗು' ಇಲ್ಲವೇ 'ಮಾಡು' ಸೇರಿಸಿ ಬಳಸುತ್ತೇವೆ. ತೊಡಕು ಶುರುವಾಗುವುದು ಅದನ್ನೇ ಇಂಗ್ಲಿಷಿನಲ್ಲಿ 'ದ ಫೀವರ್ ಹ್ಯಾಸ್ ರೆಡ್ಯೂಸ್ಡ್' ಎಂದು ಬರೆದಾಗ. 'ಆಗು' ಕನ್ನಡದಲ್ಲೇ ಉಳಿದುಬಿಟ್ಟಿತು. ಅದಿಲ್ಲದೆ ರೆಡ್ಯೂಸ್ ನಿಲ್ಲುವುದು ಕಷ್ಟ.

ರೆಡ್ಯೂಸ್ ಎಂದರೆ ಬಹುಮಟ್ಟಿಗೆ ನಮ್ಮ 'ಇಳಿಸು'. ಏನನ್ನು ಇಳಿಸಿದ್ದು ಎಂಬುದು ಅದರ ಮುಂದೆ ಬರಲೇಬೇಕು: 'ದ ಟ್ಯಾಬ್ಲೆಟ್ ರೆಡ್ಯೂಸ್ಡ್ ದ ಫೀವರ್'. ಡಿಕ್ರೀಸ್ ಹಾಗಲ್ಲ, 'ಇಳಿ'ಯೂ ಹೌದು, 'ಇಳಿಸು'ವೂ ಹೌದು. ಮಾರಾಟ ತಾನಾಗಿ ಇಳಿದರೂ ಡಿಕ್ರೀಸ್, ವೈದ್ಯರು ಔಷಧಿಯ ಪ್ರಮಾಣ ಇಳಿಸಿದರೂ ಡಿಕ್ರೀಸ್. ಅನುಮಾನ ಬಂದಾಗ ವ್ಯಾಕರಣದ ಮಟ್ಟಿಗೆ ಇದನ್ನೇ ನೆಚ್ಚಿಕೊಳ್ಳಬಹುದು. (ಜ್ವರಕ್ಕೆ ಮಾತ್ರ ಇಂಗ್ಲಿಷಿನವರ ಬಾಯಲ್ಲಿ ಸಹಜವಾಗಿ ಬರುವುದು 'ಹ್ಯಾಸ್ ಕಮ್ ಡೌನ್'.)

ಆಫೀಸಿನ ಮೇಲ್‌ಗಳಲ್ಲಿ ಈ ತಪ್ಪನ್ನು ತಿದ್ದುವಾಗ ಇನ್ನೊಂದು ಗುಂಡಿಗೆ ಬೀಳುವುದುಂಟು. 'ಸ್ಟಾಫ್ ಸ್ಟ್ರೆಂತ್ ಹ್ಯಾಸ್ ರೆಡ್ಯೂಸ್ಡ್' ಸರಿಯಲ್ಲವೆಂದು ನಡುವೆ 'ಬೀನ್' ತುರುಕುತ್ತಾರೆ. 'ಹ್ಯಾಸ್ ಬೀನ್ ರೆಡ್ಯೂಸ್ಡ್' ಎಂದ ಕೂಡಲೇ ಯಾರೋ ಬೇಕೆಂದೇ ಜನರನ್ನು ಕಡಿಮೆ ಮಾಡಿದರು ಎಂಬ ಅರ್ಥ ಬಂತು. ಕೆಲವರು ತಾವಾಗಿ ಕೆಲಸ ಬಿಟ್ಟಿದ್ದರೆ ಅದು ಸುಳ್ಳು ವರದಿ. ಅಲ್ಲಿ 'ಹ್ಯಾಸ್ ಡಿಕ್ರೀಸ್ಡ್' ಬೇಕು. 'ಇಳಿಸಿದ್ದು ಯಾರು?' ಎಂದು ಕೇಳಿಕೊಳ್ಳಿ. ಉತ್ತರವಿಲ್ಲದಿದ್ದರೆ ರೆಡ್ಯೂಸ್ ಬೇಡ.

ಅಂಕಿ ಬಂದಾಗ ಎರಡಕ್ಕೂ ಒಂದೇ ಎಚ್ಚರಿಕೆ. 40,000 ರೂಪಾಯಿ ಸಂಬಳವನ್ನು 'ಬೈ 10,000' ಇಳಿಸಿದರೆ ಕೈಗೆ 30,000 ಬರುತ್ತದೆ, 'ಟು 10,000' ಎಂದರೆ ಹತ್ತೇ ಸಾವಿರ. ಕನ್ನಡದಲ್ಲಿ 'ಹತ್ತು ಸಾವಿರ ಇಳಿಸಿದರು', 'ಹತ್ತು ಸಾವಿರಕ್ಕೆ ಇಳಿಸಿದರು' ಎಂಬಲ್ಲಿ ಒಂದು 'ಕ್ಕೆ' ಮಾಡುವ ಕೆಲಸವನ್ನೇ ಅಲ್ಲಿ 'ಟು' ಮಾಡುತ್ತದೆ. ನಾಮಪದವಾದರೆ ಮೊತ್ತಕ್ಕೆ 'ಆಫ್', ವಸ್ತುವಿಗೆ 'ಇನ್': 'ಅ ಡಿಕ್ರೀಸ್ ಆಫ್ 10 ಪರ್ಸೆಂಟ್ ಇನ್ ಸೇಲ್ಸ್'.

ಡಿಕ್ರೀಸ್ ಕಾಲಿಡಲಾಗದ ಜಾಗಗಳೂ ಇವೆ. 6/8 ಎಂಬ ಭಿನ್ನರಾಶಿಯನ್ನು 3/4 ಮಾಡುವುದು ರೆಡ್ಯೂಸ್. ಅಂಕಿಗಳು ಚಿಕ್ಕವಾದವು, ಬೆಲೆ ಕೂದಲೆಳೆಯಷ್ಟೂ ಇಳಿಯಲಿಲ್ಲ. ಮನೆ ಸುಟ್ಟು ಬೂದಿಯಾದರೆ 'ರೆಡ್ಯೂಸ್ಡ್ ಟು ಆಶಸ್'. ಈ ಪದದ ಲ್ಯಾಟಿನ್ ಮೂಲಕ್ಕೆ 'ಹಿಂದಕ್ಕೆ ಕರೆತರು' ಎಂಬ ಅರ್ಥ. ಅದು ಗೊತ್ತಿದ್ದರೆ ರಸಾಯನಶಾಸ್ತ್ರದಲ್ಲಿ ಅಪಕರ್ಷಣಕ್ಕೆ (ಸರಳವಾಗಿ, ವಸ್ತುವಿನಿಂದ ಆಮ್ಲಜನಕ ಕಳೆಯುವುದಕ್ಕೆ) ರಿಡಕ್ಷನ್ ಎಂಬ ಹೆಸರೇಕೆ ಎಂಬುದೂ ಬಿಡಿಸಿಕೊಳ್ಳುತ್ತದೆ: ಕಾದ ತಾಮ್ರದ ಆಕ್ಸೈಡಿನ ಮೇಲೆ ಜಲಜನಕ ಹಾಯಿಸಿದರೆ ಕಪ್ಪು ಪುಡಿ ಮರಳಿ ಕೆಂಪು ತಾಮ್ರವಾಗುತ್ತದೆ.

ರೆಡ್ಯೂಸ್ ಯಾರ ಆಸರೆಯೂ ಇಲ್ಲದೆ ನಿಲ್ಲುವುದು ಮುಖ್ಯವಾಗಿ ಅಡುಗೆಮನೆಯಲ್ಲಿ. 'ಲೆಟ್ ದ ಸಾಸ್ ರೆಡ್ಯೂಸ್' ಎಂದರೆ ಸಣ್ಣ ಉರಿಯಲ್ಲಿ, ಮುಚ್ಚಳ ತೆಗೆದು, ನೀರಿನಂಶ ಆರಿ ಗಟ್ಟಿಯಾಗುವವರೆಗೆ ಕುದಿಯಲು ಬಿಡಿ ಎಂದು. ನಮ್ಮಲ್ಲಿ ಅದಕ್ಕೆ 'ಬತ್ತಿಸು' ಎಂಬ ಸೊಗಸಾದ ಮಾತೇ ಇದೆ.