ಟೋಟಲ್ ಸರಿ ಬಂದಿತ್ತು

ಬ್ಯಾಡಗಿ ಸೀಜನ್ನಿನಲ್ಲಿ ತೂಕದ ಕಾಟಾ ರಿಪೇರಿಗೆ ಹೋದವರಿಗೆ ಗೊತ್ತು, ಮನೆಗೆ ಬಂದ ಮೇಲೂ ಮೂಗಿನಿಂದ ಮೆಣಸಿನಕಾಯಿ ಘಾಟು ಇಳಿಯುವುದಿಲ್ಲ. ಅವತ್ತು ಲಾರಿ ತೂಗುವ ವೇಬ್ರಿಜ್ಜಿಗೆ ಭಾರ ಅಳೆಯುವ ಎರಡು ಲೋಡ್ ಸೆಲ್ ಬದಲಿಸಿ, ಸೀನಿ ಸೀನಿ ಸುಸ್ತಾಗಿ ಹುಬ್ಬಳ್ಳಿ ಗೋಕುಲ ರೋಡಿನ ಅಂಗಡಿಗೆ ಬಂದರೆ ಬಾಗಿಲಿಗೆ ಅಡ್ಡ ಒಂದು ಟಾಟಾ ಏಸ್. ಮೇಲೆ ತಾಡಪಾಲು ಹೊದ್ದ ಸಣ್ಣ ರೇಸ್ ಕಾರು, ನಾಲ್ಕೂ ಗಾಲಿ ಬಾಡಿಯಿಂದ ಹೊರಗೆ. ಸುತ್ತ ಐದು ಮಂದಿ ಇಂಜಿನಿಯರಿಂಗ್ ಹುಡುಗರು, ಒಬ್ಬ ಹುಡುಗಿ.

“ಅಣ್ಣಾರ, ನಾಲ್ಕು ಕಾಟಾ ಬೇಕಾಗಿತ್ರಿ. ಗಾಲಿಗೊಂದರಂಗ.”

ಸಾವ್ಕಾರ್ರು ಗಲ್ಲಾದಿಂದಲೇ “600 ರೂಪಾಯಿ ಆಗತೈತಿ” ಅಂದರು, ಕೀಲಿಕೈ ನನ್ನ ಕೈಗೆ ಹಾಕಿ ಮನೆಗೆ ಹೋದರು.

ಫಾರ್ಮುಲಾ ಒನ್ ನಾನೂ ನೋಡುತ್ತೇನೆ, ಆದರೆ ಓಟಕ್ಕಿಂತ ಕಾಟಾದ ಸುದ್ದಿಯೇ ನನಗೆ ರುಚಿ. 2018ರಲ್ಲಿ ಬ್ರೆಜಿಲ್‌ನಲ್ಲಿ ವೆಟಲ್ ಇಂಜಿನ್ ಜೋರಿನಲ್ಲೇ ಕಾಟಾದಿಂದ ಇಳಿದು ಅದನ್ನು ಕೆಡಿಸಿದ, 25,000 ಯೂರೋ ದಂಡ ಬಿತ್ತು. ನಮ್ಮಲ್ಲಿ ಟ್ರ್ಯಾಕ್ಟರಿನವರು ದಿನಾ ಅದನ್ನೇ ಮಾಡುತ್ತಾರೆ, ಬೈಗುಳ ಮಾತ್ರ ನನಗೆ. ಮರುವರ್ಷ ಬಾಕು ಪಟ್ಟಣದ ಬೀದಿ ರೇಸಿನಲ್ಲಿ ಗ್ಯಾಸ್ಲಿ ತೂಕಕ್ಕೆ ಕರೆದರೂ ನಿಲ್ಲದೆ ಹೋಗಿ, ಎಲ್ಲರ ಹಿಂದೆ, ರಿಪೇರಿ ಓಣಿಯಾದ ಪಿಟ್ ಲೇನಿನಿಂದ ಓಟ ಶುರು ಮಾಡಬೇಕಾಯಿತು. 2025ರಲ್ಲಿ ಶಾಂಘೈನಲ್ಲಿ ಅದೇ ಗ್ಯಾಸ್ಲಿ ಮತ್ತು ಲೆಕ್ಲೇರ್, ಇಬ್ಬರ ಕಾರೂ 800 ಕಿಲೋ ಇರಬೇಕಾದಲ್ಲಿ 799 ತೂಗಿದವು. ಇಬ್ಬರೂ ಫಲಿತಾಂಶದಿಂದಲೇ ಔಟ್.

ಅದೇ ಗುಂಗಿನಲ್ಲಿ ಕೇಳಿದೆ, “ಕಡಿಮಿ ಅಂದ್ರ ಎಷ್ಟ ಕಿಲೋ ಇರಬೇಕಂತ ರೂಲ್ ಐತಿ?”

“ನಮ್ಮ ಕಾಂಪಿಟೇಶನ್ನಿಗೆ ಮಿನಿಮಮ್ ಇಲ್ರಿ. ನಮಗ ಟೋಟಲ್ ಬ್ಯಾಡ. ಯಾವ ಗಾಲಿ ಮ್ಯಾಲೆ ಎಷ್ಟ ಭಾರ ಬಿದ್ದೈತಿ, ಅದ ಬೇಕು” ಅಂದಳು ಹುಡುಗಿ.

ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೊದಲು ಇಡೀ ಕಾರನ್ನು ದೊಡ್ಡ ಪ್ಲಾಟ್‌ಫಾರ್ಮ್ ಮೇಲೆ ಹತ್ತಿಸಿದೆ: 248. ಆಮೇಲೆ ನಾಲ್ಕು ಕಾಟಾ ಇಟ್ಟು, ಒಂದೊಂದರ ಕಾಲೂ ತಿರುವಿ ಮಟ್ಟ ತೋರಿಸುವ ಗುಳ್ಳೆ ನಟ್ಟನಡುವೆ ತಂದು, ಟೇರ್ ಹೊಡೆದು ಸೊನ್ನೆಗೆ ತಂದೆ. ಮುಂದಿನ ಎಡ 68, ಮುಂದಿನ ಬಲ 52, ಹಿಂದಿನ ಎಡ 58, ಹಿಂದಿನ ಬಲ 70. ಕೂಡಿಸಿದರೆ 248. “ನೋಡ್ರಿ, ಗ್ರಾಂ ಹೆಚ್ಚು-ಕಡಿಮಿ ಇಲ್ಲ” ಅಂದೆ, ಮೀಸೆ ಇಲ್ಲದಿದ್ದರೂ ತಿರುವುವ ಹಾಗೆ. ಡ್ರೈವರನ್ನು ಕೂಡಿಸದೆಯೇ ತೂಗಿದ್ದೆ ಅನ್ನುವುದು ಬೇರೆ ಮಾತು. ಫಾರ್ಮುಲಾ ಒನ್‌ನಲ್ಲಿ 2019ರಿಂದ ಡ್ರೈವರು ಸೀಟು ಸೇರಿ ಕನಿಷ್ಠ ಇಷ್ಟು ಕಿಲೋ (ಮೊದಲು 80, 2025ರಲ್ಲಿ 82) ಅಂತ ಲೆಕ್ಕವೇ ಬೇರೆ ಇಟ್ಟಿದ್ದಾರೆ, ಆ ಹೊತ್ತಿಗೆ ಅದೂ ನೆನಪಾಗಲಿಲ್ಲ.

ಹುಡುಗಿ ಮೂಲೆಯಿಂದ ಮೂಲೆಗೆ ಕೂಡಿಸಿದಳು. ಒಂದು ಕರ್ಣಕ್ಕೆ 138, ಇನ್ನೊಂದಕ್ಕೆ 110. “ಇಷ್ಟ್ಯಾಕ ಫರಕ ಬಂತ್ರಿ? ಕಾಟಾ ಏನರ…”

ಕಾಟಾ ಅನ್ನುವ ಶಬ್ದ ಬಂದದ್ದೇ ತಡ, ನನಗೆ ಸಿಟ್ಟು. ಮುಂದಿನ ಎರಡು ಕಾಟಾ ಅದಲುಬದಲು ಮಾಡಿದೆ. ಅಂಕಿ ಅದೇ ಮೂಲೆಯಲ್ಲಿ ಕೂತಿತ್ತು. ಸಾಲದೆಂದು ಕಾರನ್ನೇ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದೆ. ಆಗಲೂ ಅದೇ ಕರ್ಣ ಭಾರ, ಅದೇ ಕರ್ಣ ಹಗುರ. “ಕಾಟಾ ಸರಿ ಐತಿ ತಂಗಿ. ನಿಮ್ಮ ಗಾಡೀನ ಸೊಟ್ಟ ಐತಿ.”

“ಗಾಡಿ ಒಂದೀಟು ಒಳಗ ಸರಿಸಿ, ಬ್ಯಾರೆ ಜಾಗಾದಾಗ ಒಮ್ಮೆ ನೋಡೋಣೇನ್ರಿ?”

ಒಂಬತ್ತೂವರೆ ಆಗಿತ್ತು. ಘಾಟಿಗೆ ಕಣ್ಣು ಉರಿಯುತ್ತಿತ್ತು. ಒಲ್ಲೆ ಅಂದೆ. ಹೆಚ್ಚೆಂದರೆ ಇಪ್ಪತ್ತು ನಿಮಿಷದ ಕೆಲಸ.

ಪಾಪ, ಹುಡುಗರು ಅಲ್ಲೇ ಕೂತು, ಗಾಲಿಯ ಭಾರವನ್ನು ಸ್ಪ್ರಿಂಗಿಗೆ ಒಯ್ಯುವ ಪುಶ್‌ರಾಡ್ ತಿರುವಿ ತಿರುವಿ ಎರಡೂ ಕರ್ಣಕ್ಕೆ 124 ತಂದು, ಹನ್ನೆರಡಕ್ಕೆ ಹೊರಟರು.

ಮರುದಿನ ಕಾಲೇಜಿನ ಒಳರಸ್ತೆಯಲ್ಲಿ ಓಡಿಸುತ್ತೇವೆ, ಬರ್ರಿ ಅಂತ ನನ್ನನ್ನೂ ಕರೆದಿದ್ದರು. ತೆಂಗಿನ ಗಿಡಗಳ ನಡುವೆ ಹಳೇ ಟೈರು ಇಟ್ಟಿದ್ದರು, ಅವರ ಪಾಲಿಗೆ ಅದೇ ಮೊನಾಕೊ. ಸ್ಟೀರಿಂಗ್ ಹಿಡಿದವಳು ಅದೇ ಹುಡುಗಿ. ಎಡ ತಿರುವಿನಲ್ಲಿ ಕಾರಿನ ಮೂತಿ ತಿರುಗಲೇ ಇಲ್ಲ, ನೆಟ್ಟಗೆ ಜಾರಿ ಟೈರಿನ ಪಕ್ಕ ನಿಂತಿತು. ಬಲ ತಿರುವಿನಲ್ಲಿ ಹಿಂಭಾಗ ಕಿತ್ತುಕೊಂಡು ಒಂದು ಪೂರ್ತಿ ಗಿರಕಿ. ತೆಂಗಿನ ಗಿಡಕ್ಕೂ ಕಾರಿಗೂ ಒಂದು ಮೊಳ ಅಂತರ. ಧೂಳು ಇಳಿದು ಹೆಲ್ಮೆಟ್ ಅಲ್ಲಾಡುವುದು ಕಾಣುವ ತನಕ ಯಾರೂ ಉಸಿರೆತ್ತಲಿಲ್ಲ. ಆಮೇಲೆ ನಾನು ಆಡಿದ ಮೊದಲ ಮಾತು ಏನು ಗೊತ್ತೇ? “ಟೈರ್ ಗಾಳಿ ನೋಡ್ರಿ.”

ಸಂಜೆ ಆಕೆ ಒಬ್ಬಳೇ ಅಂಗಡಿಗೆ ಬಂದಳು. ಕೈಯಲ್ಲಿ ಗೌಂಡಿಗಳ ಲೆವಲ್ ಪೈಪ್, ಅರ್ಧ ನೀರು ತುಂಬಿದ್ದು. ಕಾಟಾಗಳು ಇನ್ನೂ ಹಾಗೇ ಇದ್ದವು. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಒಂದೊಂದು ಕಾಟಾದ ಬದಿಗೂ ಹಿಡಿಯುತ್ತ ಹೋದಳು. ಗಟಾರದ ಕಡೆಯ ಕಾಟಾ ಉಳಿದ ಮೂರಕ್ಕಿಂತ 12 ಮಿಲಿಮೀಟರ್ ಕೆಳಗಿತ್ತು. ನಾಲ್ಕರಲ್ಲೂ ಗುಳ್ಳೆ ನಡುವೆಯೇ ಇತ್ತು. ನಾಲ್ಕೂ ಒಂದೇ ಎತ್ತರದಲ್ಲಿವೆಯೇ ಅಂತ ನಾನು ನೋಡಿಯೇ ಇರಲಿಲ್ಲ. ಹತ್ತಿ ಅಂಡಿಗೆ, ಮೆಣಸಿನಕಾಯಿ ಚೀಲ ಒಂದೇ ಕಾಟಾದ ಮೇಲೆ ಕೂರುವ ಸಾಮಾನು. ನನಗೆ ಅದು ಎಂದೂ ಬೇಕಾಗಿರಲಿಲ್ಲ. ಸ್ಪ್ರಿಂಗ್ ಮೇಲೆ ನಿಂತ ನಾಲ್ಕು ಗಾಲಿಯ ಕಾರಿಗೆ ಹಾಗಲ್ಲ. ಒಂದು ಮೂಲೆ ತಗ್ಗಿದರೆ ಆ ಗಾಲಿಯೂ ಅದರ ಎದುರು ಮೂಲೆಯ ಗಾಲಿಯೂ ಹಗುರಾಗುತ್ತವೆ, ಆ ಭಾರ ಇನ್ನೊಂದು ಕರ್ಣಕ್ಕೆ ಹೋಗಿ ಕೂರುತ್ತದೆ. ಟೋಟಲ್ ಅಲ್ಲಾಡುವುದಿಲ್ಲ. ಹುಡುಗರು ಆ ತಗ್ಗಿಗೆ ತಕ್ಕಂತೆ ಸರಿ ಮಾಡಿದ ಕಾರು ಸಮ ರಸ್ತೆಗೆ ಇಳಿದಾಗ ಸೊಟ್ಟಾಗಿತ್ತು. ಕಾರು ತಿರುಗಿಸಿದಾಗಲೂ ತಗ್ಗಿಗೆ ಬಂದದ್ದು ಅದೇ ಕರ್ಣದ ಇನ್ನೊಂದು ಗಾಲಿ. ನಾನು ಎದೆ ಉಬ್ಬಿಸಿ ಮಾಡಿದ ಎರಡೂ ಪರೀಕ್ಷೆಗೆ ಈ ತಪ್ಪು ಸಿಕ್ಕುವಂತೆಯೇ ಇರಲಿಲ್ಲ. ಆಕೆ ಕೇಳಿದ ಮೂರನೆಯದಕ್ಕೆ ಸಿಗುತ್ತಿತ್ತು.

ಟೋಟಲ್ ಸರಿ ಇದ್ದೂ ಕೆಟ್ಟ ಕತೆ ನನಗೆ ಗೊತ್ತಿಲ್ಲದ್ದಲ್ಲ. 1984ರಲ್ಲಿ ಡೆಟ್ರಾಯ್ಟ್ ಬೀದಿಗಳ ರೇಸಿನಲ್ಲಿ ಟಿರೆಲ್ ತಂಡದ ಬ್ರಂಡಲ್ ಎರಡನೆಯವನಾಗಿ ಬಂದ. ಆಮೇಲೆ ಕಾರಿನ ನೀರಿನ ಟ್ಯಾಂಕಿನಲ್ಲಿ ತೂಕ ಏರಿಸುವ ಸೀಸದ ಗುಂಡು ಸಿಕ್ಕು, ಆ ತಂಡದ ಇಡೀ ವರ್ಷದ ಅಂಕಗಳೇ ಹೋದವು. ಹತ್ತಿಗೆ ನೀರು ಹೊಡೆದು ತರುವವರನ್ನು ಕಂಡ ನಮಗೆ ಅದೇನು ಹೊಸದು ಅಂತ ನಗುತ್ತಿದ್ದೆ. ಅವರದು ಬುದ್ಧಿಪೂರ್ವಕ, ನನ್ನದು ಬರೀ ಸೊಕ್ಕು.

“ತಪ್ಪಾತು ತಂಗಿ” ಅಂದೆ. “ಇರಲಿ ಬಿಡ್ರಿ ಅಣ್ಣಾರ, ನೆಲ ಸೊಟ್ಟ ಐತಿ” ಅಂದಳು. ಸಂಕಟವಾದದ್ದು ಆ ಮಾತಿಗೇ.

ಆ ಮೂಲೆ ಕುಸಿದದ್ದು ನಮ್ಮ ಸಾವ್ಕಾರ್ರು ವರ್ಷಗಟ್ಟಲೆ ಅಲ್ಲಿ ಟೆಸ್ಟ್ ವೇಟ್ ಒಟ್ಟಿದ್ದಕ್ಕೆ. ನೆಲ ಮಾಡಿಸ್ರಿ ಅಂದರೆ “ದೀಪಾವಳಿ ಆಗಲಿ” ಅನ್ನುತ್ತಾರೆ, ಯಾವ ದೀಪಾವಳಿ ಅಂತ ಹೇಳುವುದಿಲ್ಲ. ನಾನೇ ಕೆಂಪು ಬಣ್ಣದಲ್ಲಿ ನಾಲ್ಕು ಚೌಕ ಬರೆದು, ಗಟಾರದ ಕಡೆಯದಕ್ಕೆ 12 ಎಂಎಂ ಪ್ಲೈವುಡ್ ಕೊಯ್ದು ಇಟ್ಟಿದ್ದೇನೆ. ಹುಡುಗರನ್ನು ಕರೆದು ಮತ್ತೆ ತೂಗಿಕೊಟ್ಟೆ, ಈ ಸಲ ಆಕೆಯನ್ನು ಸೀಟಿನಲ್ಲಿ ಕೂಡಿಸಿ, ದುಡ್ಡು ತಗೊಳ್ಳದೆ. ಸಾವ್ಕಾರ್ರಿಗೆ ಅದು ಗೊತ್ತಿಲ್ಲ. ಅವರು ಬಾಗಿಲಿಗೆ ‘ಇಲ್ಲಿ ರೇಸ್ ಕಾರ್ ತೂಕ ಮಾಡಲಾಗುವುದು’ ಅಂತ ಬೋರ್ಡು ಬರೆಸಿ, ರೇಟು 1,000 ಮಾಡಿದ್ದಾರೆ.